ಉಸಿರು ಗಮನಿಸಲು ಕೂತರೆ ಎದೆ ಬಿಗಿಯುತ್ತದೆ. ನಡೆಯುತ್ತಾ ಮಾಡಬಹುದಾ?

ನೇರಳೆ_ಮಾರ್ಗ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಧ್ಯಾನ, ಮೈಂಡ್‌ಫುಲ್‌ನೆಸ್ ರೂಢಿ ಇರುವವರ ಹತ್ತಿರ ಒಂದು ವಿಷಯ ಕೇಳಬೇಕಿತ್ತು.

ನನ್ನ ಮನೆ ವಿಜಯನಗರದಲ್ಲಿ. ಕಸ್ತೂರಬಾ ರಸ್ತೆಯ ಹತ್ತಿರ ಒಂದು ಆಡಿಟ್ ಆಫೀಸಿನಲ್ಲಿ ಕೆಲಸ. ಮೆಟ್ರೋದಲ್ಲಿ ಕಬ್ಬನ್ ಪಾರ್ಕ್ ಸ್ಟೇಷನ್ನಿಗೆ ಬಂದು, ಅಲ್ಲಿಂದ ಪಾರ್ಕಿನ ಒಳಗೇ ನಡೆದು ಆಫೀಸ್ ಸೇರುತ್ತೇನೆ. ಸಂಜೆ ಅದೇ ದಾರಿಯಲ್ಲಿ ವಾಪಸ್. ಸೆಪ್ಟೆಂಬರ್ ಬಂತೆಂದರೆ ನಮ್ಮಲ್ಲಿ ಉಸಿರಾಡಲು ಪುರುಸೊತ್ತಿರುವುದಿಲ್ಲ. ಮನೆಗೆ ಬಂದು ಮಲಗಿದರೂ ತಲೆಯಲ್ಲಿ ಯಾರದೋ ಬ್ಯಾಲೆನ್ಸ್ ಶೀಟ್ ಓಡುತ್ತಿರುತ್ತದೆ. ನಿದ್ದೆ ಹತ್ತುವುದಿಲ್ಲ.

ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ಬೆಳಿಗ್ಗೆ ಕಣ್ಣು ಮುಚ್ಚಿ ಕೂತು ಉಸಿರನ್ನು ಗಮನಿಸಿ ನೋಡಿ ಅಂದರು. ಕೂತೆ. ಆದರೆ ಉಸಿರಿನ ಕಡೆ ಗಮನ ಹೋದ ತಕ್ಷಣ ಅದು ಕೆಟ್ಟುಹೋಗುತ್ತದೆ. ಪ್ರತಿ ಉಸಿರನ್ನೂ ನಾನೇ ಎಳೆದುಕೊಳ್ಳಬೇಕು ಅನ್ನಿಸುತ್ತದೆ. ಎದೆ ಬಿಗಿಯುತ್ತದೆ, ಎದ್ದುಬಿಡುತ್ತೇನೆ. ಅದೇ ಪಾರ್ಕಿನಲ್ಲಿ ನಡೆಯುವಾಗ ಕೆಲವು ದಿನ ಮನಸ್ಸು ತಾನಾಗಿಯೇ ತಣ್ಣಗಾಗಿರುತ್ತದೆ. ಎಲ್ಲ ದಿನ ಅಲ್ಲ. ಎಷ್ಟೋ ಸಲ ಆಫೀಸಿನ ಗೇಟ್ ಬಂದಾಗ ನಡುವೆ ಪಾರ್ಕ್ ಇತ್ತು ಅನ್ನುವುದೇ ನೆನಪಿರುವುದಿಲ್ಲ.

ಹಾಗಾದರೆ ಕೂರುವ ಬದಲು ನಡೆಯುತ್ತಲೇ ಈ ಅಭ್ಯಾಸ ಮಾಡಬಹುದಾ? ಅಥವಾ ಅದು ಸುಮ್ನೆ ಸಮಾಧಾನಕ್ಕೆ ಹೇಳುವ ಮಾತಾ? ಹೆಜ್ಜೆಗೂ ಉಸಿರಿಗೂ ತಾಳ ಹೊಂದಿಸಬೇಕಾ? ಪಾರ್ಕ್ ಬಿಟ್ಟರೆ ಉಳಿದದ್ದು ವಿಜಯನಗರದ ಫುಟ್‌ಪಾತ್. ಕಲ್ಲುಚಪ್ಪಡಿ ಅಲ್ಲಾಡುತ್ತದೆ, ಸ್ಕೂಟರ್‌ಗಳು ಮೇಲೆಯೇ ಬರುತ್ತವೆ. ಅಲ್ಲಿ ಒಳಗೆ ಗಮನ ಇಟ್ಟುಕೊಂಡು ನಡೆಯುವುದು ಹೇಗೆ? ಕಣ್ಣು ಎಲ್ಲಿಡಬೇಕು?


ರಾತ್ರಿಪಾಳಿ (ಮೈಸೂರು)

ನಾನು ಇಲ್ಲಿನ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಮೆಡಿಕಲ್ ವಾರ್ಡ್. ಗಮನ ಹೋದ ತಕ್ಷಣ ಉಸಿರು ಕೆಡುತ್ತದೆ ಅಂದಿರಲ್ಲ, ಆ ಸಾಲು ಓದಿ ಬರೆಯಲೇಬೇಕು ಅನ್ನಿಸಿತು.

ಉಸಿರು ಎಣಿಸುವುದು ನಮ್ಮ ದಿನದ ಕೆಲಸ. ದೊಡ್ಡವರಿಗೆ ಸುಮ್ಮನಿರುವಾಗ ನಿಮಿಷಕ್ಕೆ 12ರಿಂದ 20 ಇರಬೇಕು. ಇದನ್ನು ಎಣಿಸಲು ಕಲಿಸುವಾಗಲೇ ಒಂದು ಮಾತು ಹೇಳಿಕೊಡುತ್ತಾರೆ: ಎಣಿಸುತ್ತಿದ್ದೇನೆ ಅಂತ ರೋಗಿಗೆ ಗೊತ್ತಾಗಬಾರದು. ಅದಕ್ಕೆ ನಾಡಿ ನೋಡಿ ಮುಗಿದ ಮೇಲೂ ಮಣಿಕಟ್ಟು ಬಿಡುವುದಿಲ್ಲ. ಕೈ ನಾಡಿಯ ಮೇಲೆ, ಕಣ್ಣು ಮಾತ್ರ ಹೊದಿಕೆ ಏರಿಳಿಯುವ ಕಡೆ. ಹೇಳಿ ಎಣಿಸಿದರೆ ಯಾರ ಉಸಿರೂ ಇದ್ದ ಹಾಗೆ ಇರುವುದಿಲ್ಲ. ಕೆಲವರು ಹಿಡಿದುಕೊಳ್ಳುತ್ತಾರೆ, ಕೆಲವರು ಉದ್ದುದ್ದ ಎಳೆಯುತ್ತಾರೆ. ಇದು ಎಲ್ಲರಿಗೂ ಆಗುವಂಥದ್ದು. ನಿಮ್ಮಲ್ಲಿ ಏನೋ ಕೊರತೆ ಇದೆ ಅಂದುಕೊಳ್ಳಬೇಡಿ.

ಯಾಕೆ ಹೀಗೆ ಅಂದರೆ, ಉಸಿರಾಟ ತಾನಾಗಿಯೂ ನಡೆಯುತ್ತದೆ, ನಮ್ಮ ಹಿಡಿತಕ್ಕೂ ಸಿಗುತ್ತದೆ. ಜೀರ್ಣಕ್ರಿಯೆಯನ್ನು ನಾವು ನಿಲ್ಲಿಸಲಾರೆವು. ಉಸಿರನ್ನು ಸ್ವಲ್ಪ ಹೊತ್ತು ನಿಲ್ಲಿಸಬಹುದು. ಹಿಡಿತಕ್ಕೆ ಸಿಗುವುದನ್ನು ನೋಡಿದರೆ ಕೈ ಹಾಕದೆ ಇರಲು ಆಗುವುದಿಲ್ಲ. ಕೈ ಹಾಕಿದ ಮೇಲೆ ಸರಿಯಾಗಿ ಮಾಡುತ್ತಿದ್ದೇನಾ ಅನ್ನುವ ಚಿಂತೆ. ಆ ಚಿಂತೆಗೆ ಉಸಿರು ಇನ್ನೂ ಜೋರು. ಬೇಕಾದ್ದಕ್ಕಿಂತ ಜಾಸ್ತಿ ಉಸಿರಾಡಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ. ಬೆರಳ ತುದಿ, ತುಟಿಯ ಸುತ್ತ ಜುಮ್ಮೆನ್ನುತ್ತದೆ, ತಲೆ ತಿರುಗುತ್ತದೆ, ಗಾಳಿ ಸಾಲದು ಅನ್ನಿಸುತ್ತದೆ. ಗಾಳಿ ಆಗಲೇ ಜಾಸ್ತಿಯಾಗಿರುತ್ತದೆ. ಕ್ಯಾಷುವಾಲ್ಟಿಗೆ ಹೀಗೆ ಗಾಬರಿಯಲ್ಲಿ ಬರುವ ಚಿಕ್ಕ ವಯಸ್ಸಿನವರನ್ನು ಬೇಕಾದಷ್ಟು ನೋಡಿದ್ದೇನೆ.

ಮುಂದೆ ಹೋಗುವ ಮೊದಲು ಒಂದು ಮಾತು. ನಿಮ್ಮ ಎದೆ ಬಿಗಿತ ಕೂತಾಗ ಮಾತ್ರ ಬರುತ್ತದೋ, ಮೆಟ್ಟಿಲು ಹತ್ತುವಾಗಲೂ ಬರುತ್ತದೋ ನೋಡಿಕೊಳ್ಳಿ. ಹತ್ತುವಾಗ ಬಂದರೆ, ಕೈಗೋ ದವಡೆಗೋ ನೋವು ಹರಿದರೆ, ಬೆವರು ಬಂದರೆ, ಧ್ಯಾನ ಪಕ್ಕಕ್ಕಿಟ್ಟು ತಕ್ಷಣ ಡಾಕ್ಟರ್ ಹತ್ತಿರ ಹೋಗಿ. ಏನೂ ಇಲ್ಲದಿದ್ದರೂ ಒಮ್ಮೆ ಹಿಮೋಗ್ಲೋಬಿನ್, ಥೈರಾಯ್ಡ್, ಬಿಪಿ ನೋಡಿಸಿ. ರಕ್ತ ಕಡಿಮೆಯಾದರೂ ಏದುಸಿರು, ಎದೆ ಡವಗುಟ್ಟುವುದು ಇರುತ್ತದೆ. ನಮ್ಮ ಹೆಂಗಸರು ಅದನ್ನು ಟೆನ್ಷನ್ ಅಂದುಕೊಂಡು ವರ್ಷಗಟ್ಟಲೆ ತಳ್ಳುತ್ತಾರೆ. ನೋಡಿ ನೋಡಿ ನನಗೆ ತುಂಬಾ ಸಂಕಟವಾಗುತ್ತದೆ.

ಈಗ ನಡಿಗೆಯ ವಿಷಯ. ನಮ್ಮ ವಾರ್ಡ್ ಉದ್ದಕ್ಕಿದೆ. ಡ್ಯೂಟಿ ಟೇಬಲ್ ಒಂದು ತುದಿಗೆ, ಕೊನೆಯ ಹಾಸಿಗೆ ಇನ್ನೊಂದು ತುದಿಗೆ. ರಾತ್ರಿ ಪಾಳಿಯಲ್ಲಿ ಈ ದಾರಿಯಲ್ಲಿ ಓಡಾಡುತ್ತಲೇ ಇರುತ್ತೇವೆ. ಡ್ರಿಪ್ ಬದಲಿಸಬೇಕು, ಟೆಂಪರೇಚರ್ ನೋಡಬೇಕು, ಯಾರೋ ಕರೆಯುತ್ತಾರೆ. ಒಂದು ಹಾಸಿಗೆಯಲ್ಲಿ ಒಬ್ಬರು ಒದ್ದಾಡುತ್ತಿರುತ್ತಾರೆ. ಅಲ್ಲಿಂದ ಮುಂದಿನ ಹಾಸಿಗೆಗೆ ಹೋಗುವಾಗ ಆ ಒದ್ದಾಟ ನನ್ನ ಮುಖದ ಮೇಲೆ ಇರಬಾರದು. ಎರಡನೆಯವರು ನಿದ್ದೆಗಣ್ಣಲ್ಲಿ ನನ್ನ ಮುಖ ನೋಡಿಯೇ ಹೆದರುತ್ತಾರೆ. ನಡುವೆ ಇರುವುದು ಕೆಲವೇ ಹೆಜ್ಜೆ. ನನ್ನ ಅಭ್ಯಾಸ ಶುರುವಾದದ್ದೇ ಆ ಜಾಗದಲ್ಲಿ.

ಉಸಿರಿನ ಗೋಜಿಗೆ ಹೋಗುವುದಿಲ್ಲ. ಪಾದ ಮಾತ್ರ. ಹಿಮ್ಮಡಿ ನೆಲ ಮುಟ್ಟಿತು. ಭಾರ ಪಾದದ ಹೊರ ಅಂಚಿಗೆ ಬಂತು, ಹೆಬ್ಬೆರಳಿಗೆ ಹೋಯಿತು. ಹೆಬ್ಬೆರಳು ನೆಲ ತಳ್ಳಿತು. ಅಷ್ಟರಲ್ಲಿ ಇನ್ನೊಂದು ಹಿಮ್ಮಡಿ. ಇದನ್ನು ಬಾಯಲ್ಲಿ ಹೇಳಿಕೊಳ್ಳುವುದಿಲ್ಲ, ಅಂಗಾಲಿನಲ್ಲಿ ಗೊತ್ತಾಗುವಷ್ಟು ಸಾಕು. ವೇಗ ಕಡಿಮೆ ಮಾಡುವ ಹಾಗೂ ಇಲ್ಲ, ಕೆಲಸ ಇರುತ್ತದೆ. ನಾನು ನೋಡಿದ ಮಟ್ಟಿಗೆ, ಪಾದಕ್ಕೆ ಗಮನ ಕೊಟ್ಟಾಗ ಉಸಿರು ತಾನೇ ಕೆಳಗಿಳಿಯುತ್ತದೆ. ಭುಜ ಇಳಿಯುತ್ತದೆ, ಹೊಟ್ಟೆ ಸಡಿಲವಾಗುತ್ತದೆ. ಕದ್ದು ಎಣಿಸುತ್ತೇವೆ ಅಂದೆನಲ್ಲ, ನಿಮ್ಮ ಉಸಿರನ್ನೂ ನೀವು ಹಾಗೆಯೇ ನೋಡಿ. ಗಮನ ಪಾದದ ಕೆಲಸದಲ್ಲಿರಲಿ, ಉಸಿರು ಪಕ್ಕದಲ್ಲಿ ಬರಲಿ.

ಅದು ನೆಲೆಗೆ ಬಂದ ಮೇಲೆ, ಎಷ್ಟೋ ದಿನದ ಮೇಲೆ, ಒಂದು ಕೆಲಸ ಮಾಡಬಹುದು. ಉಸಿರು ಹೊರಗೆ ಹೋಗುವಾಗ ಪೂರ್ತಿ ಹೋಗಲು ಬಿಡಿ. ಒಳಗೆಳೆಯುವುದಕ್ಕೆ ಏನೂ ಮಾಡಬೇಡಿ, ಅದು ಬಂದೇ ಬರುತ್ತದೆ. ಉಸಿರು ಒಳಗೆ ಬರುವಾಗ ಹೃದಯ ಸ್ವಲ್ಪ ಬೇಗ ಹೊಡೆದುಕೊಳ್ಳುತ್ತದೆ, ಹೊರಗೆ ಹೋಗುವಾಗ ನಿಧಾನವಾಗುತ್ತದೆ. ವೇಗಸ್ ಅನ್ನುವ ನರದ ಕೆಲಸ ಅದು. ಚಿಕ್ಕ ವಯಸ್ಸಿನವರನ್ನು ಮಾನಿಟರಿಗೆ ಹಾಕಿದಾಗ ಕಣ್ಣಿಗೇ ಕಾಣುತ್ತದೆ. ಇಸಿಜಿಯ ಗೆರೆಗಳು ಒಳಉಸಿರಿಗೆ ಹತ್ತಿರ ಬರುತ್ತವೆ, ಹೊರಉಸಿರಿಗೆ ದೂರ ಹೋಗುತ್ತವೆ. ಇಷ್ಟು ವರ್ಷವಾದರೂ ಅದನ್ನು ನೋಡುವುದು ನನಗೆ ಸಂತೋಷ.

ತಾಳದ ಪ್ರಶ್ನೆಗೆ: ಹೊಂದಿಸಬೇಡಿ. ಒಂದು ಉಸಿರಿಗೆ ಎಷ್ಟು ಹೆಜ್ಜೆ ಬೀಳುತ್ತವೆ ಅಂತ ಬೇಕಿದ್ದರೆ ನೋಡಿ. ಸಮತಟ್ಟಿನಲ್ಲಿ ಒಂದು ಲೆಕ್ಕ, ಏರಿನಲ್ಲಿ ಇನ್ನೊಂದು. ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲಿ ನನಗೆ ಹೆಜ್ಜೆಗೊಂದು ಉಸಿರು ಬೇಕಾಗುತ್ತದೆ. ಎಣಿಸಿದರೆ ಬಿಗಿಯುತ್ತದೆ ಅನ್ನಿಸಿದ ಕೂಡಲೇ ಎಣಿಕೆ ಬಿಡಿ. ಲೆಕ್ಕದ ಕೆಲಸದವರಿಗೆ ಇದನ್ನು ಒತ್ತಿ ಹೇಳಬೇಕು.

ಇನ್ನೂ ಒಂದು. ಇಡೀ ದಾರಿ ಹೀಗೆ ನಡೆಯಬೇಕು ಅಂತ ಹಟ ಹಿಡಿಯಬೇಡಿ. ರಜೆಯ ದಿನ ನಾನು ಗೆಳತಿಯ ಜೊತೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಹೋಗುತ್ತೇನೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕೆರೆ, 1864ರದ್ದು. ಕುವೆಂಪು ಅವರು ನಡೆದ ದಾರಿ. ನೀರಿನ ಪಕ್ಕ ಹೆಜ್ಜಾರ್ಲೆಗಳು ಕೂತಿರುತ್ತವೆ. ಅಲ್ಲಿ ನಾವು ಬಾಯ್ತುಂಬ ಮಾತಾಡುತ್ತೇವೆ. ನಡುವೆ ಎರಡು ಬೆಂಚುಗಳ ಅಂತರದಷ್ಟು ದೂರ ಮಾತ್ರ ಇಬ್ಬರೂ ಸುಮ್ಮನಾಗುತ್ತೇವೆ. ಆಮೇಲೆ ಮತ್ತೆ ಮಾತು. ನಿಮಗೂ ಪಾರ್ಕಿನಲ್ಲಿ ಇಂಥ ಒಂದು ತುಂಡು ದಾರಿ ಸಾಕು. ದಿನಾ ಅದೇ ತುಂಡು.


ಗಾಂಧಿನಗರದ_ಓದುಗ

ಮೇಲೆ ಬರೆದ ಅಕ್ಕನವರು ಮೈಯ ವಿಷಯ ಇಷ್ಟು ಚೆನ್ನಾಗಿ ಹೇಳಿದ್ದಾರೆ, ನಾನು ಅದಕ್ಕೆ ಕೈ ಹಾಕುವುದಿಲ್ಲ. ನಡಿಗೆ ಅನ್ನುವುದು ಕೂರಲಾರದವರ ಸಮಾಧಾನಕ್ಕಾ ಅಂತ ಕೇಳಿದ್ದೀರಿ. ಅದಕ್ಕೆ ಮಾತ್ರ ಉತ್ತರ. ಖಂಡಿತ ಅಲ್ಲ.

ಬೌದ್ಧರಲ್ಲಿ ನಡಿಗೆಯ ಧ್ಯಾನಕ್ಕೆ ಚಂಕಮ ಅನ್ನುತ್ತಾರೆ. ಒಂದು ದಾರಿಯ ಈ ತುದಿಯಿಂದ ಆ ತುದಿಗೆ ಹೋಗುವುದು, ನಿಲ್ಲುವುದು, ತಿರುಗುವುದು, ವಾಪಸ್ ಬರುವುದು. ಬುದ್ಧಗಯೆಯಲ್ಲಿ ಮಹಾಬೋಧಿ ದೇವಾಲಯದ ಉತ್ತರದ ಬದಿಗೆ ಉದ್ದನೆಯ ಒಂದು ಕಟ್ಟೆ ಇದೆ. ಜ್ಞಾನೋದಯದ ನಂತರ ಒಂದು ವಾರ ಬುದ್ಧ ಅಲ್ಲಿ ನಡೆದಾಡಿದ ಅನ್ನುವ ನಂಬಿಕೆ. ಹೆಜ್ಜೆಗಳ ನೆನಪಿಗೆ ಅದರ ಮೇಲೆ ಕಲ್ಲಿನ ಕಮಲಗಳಿವೆ. ಎಚ್ಚರದ ಅಭ್ಯಾಸದ ಬಗ್ಗೆ ಬುದ್ಧನ ಉಪದೇಶವಾದ ಸತಿಪಟ್ಠಾನ ಸುತ್ತದಲ್ಲಿ ನಡೆಯುವುದು, ನಿಲ್ಲುವುದು, ಕೂರುವುದು, ಮಲಗುವುದು ನಾಲ್ಕನ್ನೂ ಒಂದೇ ಸಾಲಿನಲ್ಲಿ ಹೇಳಿದೆ. ಕೂರುವುದಕ್ಕೆ ಮೇಲಿನ ಮಣೆ ಹಾಕಿಲ್ಲ. ಬುದ್ಧನ ಉಪದೇಶಗಳ ಒಂದು ಸಂಗ್ರಹವಾದ ಅಂಗುತ್ತರ ನಿಕಾಯದಲ್ಲಿ ಚಂಕಮದ ಐದು ಲಾಭಗಳನ್ನು ಹೇಳುತ್ತಾರೆ. ದೂರ ಪ್ರಯಾಣದ ಶಕ್ತಿ, ಪ್ರಯತ್ನದ ಶಕ್ತಿ, ಆರೋಗ್ಯ, ಉಂಡದ್ದು ಅರಗುವುದು. ಐದನೆಯದು ನನಗೆ ತುಂಬಾ ಇಷ್ಟ. ನಡೆಯುತ್ತಾ ಸಿಕ್ಕ ಏಕಾಗ್ರತೆ ಬಹಳ ಕಾಲ ಉಳಿಯುತ್ತದೆ ಅನ್ನುವುದು. ಅದು ಸರಿ ಅಲ್ವಾ? ಮೈ ಅಲ್ಲಾಡುವಾಗಲೂ ಉಳಿದದ್ದು ಆಫೀಸಿನಲ್ಲೂ ಉಳಿದೀತು.

ಸೋಣ ಎಂಬ ಭಿಕ್ಷುವಿನ ಕಥೆಯನ್ನು ನಿಮಗಾಗಿಯೇ ಹೇಳಬೇಕು. ಶ್ರೀಮಂತರ ಮನೆಯಲ್ಲಿ ಬೆಳೆದವನು, ಪಾದ ಬಹಳ ಮೆತ್ತಗೆ. ಹಟಕ್ಕೆ ಬಿದ್ದು ನಡೆದೂ ನಡೆದೂ ಚಂಕಮದ ದಾರಿಯೆಲ್ಲ ರಕ್ತವಾಯಿತು. ಬುದ್ಧ ಬಂದು ಕೇಳಿದ್ದು ಅವನ ಹಳೆಯ ವೀಣೆಯ ಬಗ್ಗೆ. ತಂತಿ ತೀರಾ ಬಿಗಿಯಾದರೆ ನುಡಿಯುತ್ತಿತ್ತಾ? ತೀರಾ ಸಡಿಲವಾದರೆ? ಆಮೇಲೆ ಭಿಕ್ಷುಗಳಿಗೆ ಚಪ್ಪಲಿ ಹಾಕಲು ಅನುಮತಿ ಸಿಕ್ಕಿದ್ದೂ ಈ ಪ್ರಸಂಗದಿಂದಲೇ. ನೀವು ಉಸಿರನ್ನು ಎಳೆಯುತ್ತಿರುವುದು ಬಿಗಿದ ತಂತಿ.

ಬರ್ಮಾದ ಧ್ಯಾನ ಗುರು ಮಹಾಸಿ ಸಯಾಡೊ ಅವರ ಕ್ರಮದಲ್ಲಿ ಒಂದು ಗಂಟೆ ನಡಿಗೆ, ಒಂದು ಗಂಟೆ ಕೂರುವುದು, ಹೀಗೆ ಬದಲಿಸಿ ಬದಲಿಸಿ ಮಾಡಿಸುತ್ತಾರೆ. ಎತ್ತುವುದು, ಮುಂದಕ್ಕೆ ಒಯ್ಯುವುದು, ಇಡುವುದು, ಮೂರನ್ನೂ ಬಹಳ ನಿಧಾನವಾಗಿ ಗಮನಿಸುವುದು. ಶಿಬಿರದಲ್ಲಿ ಸರಿ, ಕಬ್ಬನ್ ಪಾರ್ಕಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಕಷ್ಟ. ನಿಮ್ಮ ದಾರಿಗೆ ಒಗ್ಗುವುದು ವಿಯೆಟ್ನಾಮಿನ ಬೌದ್ಧ ಭಿಕ್ಷು ಥಿಕ್ ನ್ಯಾಟ್ ಹಾನ್ ಅವರ ರೀತಿ. 1966ರಲ್ಲಿ ಯುದ್ಧ ನಿಲ್ಲಿಸಿ ಎಂದು ಹೇಳಲು ಹೊರದೇಶಕ್ಕೆ ಹೋದವರಿಗೆ 2005ರವರೆಗೆ ತಾಯ್ನಾಡಿಗೆ ಮರಳಲು ಆಗಲಿಲ್ಲ. 1982ರಲ್ಲಿ ಫ್ರಾನ್ಸಿನಲ್ಲಿ ಪ್ಲಮ್ ವಿಲೇಜ್ ಎಂಬ ಧ್ಯಾನ ಕೇಂದ್ರ ಕಟ್ಟಿದರು. ಅಲ್ಲಿ ಎಲ್ಲರೂ ಒಟ್ಟಿಗೆ ನಡೆಯುವುದೇ ದೊಡ್ಡ ಅಭ್ಯಾಸ. ಅವರೂ ಒಂದು ಉಸಿರಿಗೆ ಎರಡು ಹೆಜ್ಜೆಯೋ ಮೂರೋ ಎಂಬುದನ್ನು ಶ್ವಾಸಕೋಶಕ್ಕೇ ಬಿಡುತ್ತಿದ್ದರು. ಬೇಗ ನಡೆದರೂ ತಪ್ಪಿಲ್ಲ, ತಲುಪುವ ಅವಸರ ಇಲ್ಲದಿದ್ದರೆ ಸರಿ.

ಕಣ್ಣು ಎಲ್ಲಿಡಬೇಕು ಅಂದಿರಿ. ಉತ್ತರ ನಮ್ಮ ನಾಡಿನಲ್ಲೇ ಇದೆ. ಶ್ರವಣಬೆಳಗೊಳದ ಕಡೆ ಜೈನ ಮುನಿಗಳು ವಿಹಾರ ಹೋಗುವುದನ್ನು ನೋಡಿರಬಹುದು. ಕೈಯಲ್ಲಿ ಪಿಂಛಿ, ಅಂದರೆ ನವಿಲುಗರಿಯ ಮೆತ್ತನೆಯ ಪೊರಕೆ. ಹಗಲು ಮಾತ್ರ ನಡೆಯುತ್ತಾರೆ. ಮುಂದಿನ ನಾಲ್ಕು ಮೊಳ ನೆಲ ನೋಡಿಕೊಂಡು, ಹುಳ ಹುಪ್ಪಟೆ ತುಳಿಯದ ಹಾಗೆ ಹೆಜ್ಜೆ ಇಡುತ್ತಾರೆ. ಈರ್ಯಾ ಸಮಿತಿ ಅನ್ನುತ್ತಾರೆ ಅದಕ್ಕೆ. ಗಮನ ಒಳಗಡೆ ಇರಬೇಕು ಅನ್ನುವ ಒತ್ತಾಯ ಅಲ್ಲಿಲ್ಲ. ಎದುರಿನ ಜೀವ ಕಾಯುವುದೇ ಎಚ್ಚರ. ವಿಜಯನಗರದ ಫುಟ್‌ಪಾತಿಗೆ ಇದಕ್ಕಿಂತ ಹೊಂದುವುದು ಬೇರೆ ಇಲ್ಲ. ನಾಲ್ಕು ಮೊಳ ಮುಂದೆ ನೋಡಿ. ಅಲ್ಲಾಡುವ ಚಪ್ಪಡಿಯೂ ಕಾಣುತ್ತದೆ, ಸ್ಕೂಟರೂ ಕೇಳುತ್ತದೆ.

ಒಮ್ಮೆ ಯಾರಿಂದಾದರೂ ನೇರವಾಗಿ ಕಲಿಯಬೇಕು ಅನ್ನಿಸಿದರೆ ಗಾಂಧಿನಗರದಲ್ಲಿ ಮಹಾಬೋಧಿ ಸೊಸೈಟಿ ಎಂಬ ಬೌದ್ಧ ಕೇಂದ್ರ ಇದೆ. ಆಚಾರ್ಯ ಬುದ್ಧರಕ್ಖಿತ ಅವರು 1956ರಲ್ಲಿ ಶುರುಮಾಡಿದ್ದು. ನಿಮ್ಮ ಮೆಟ್ರೋದ ನೇರಳೆ ಮಾರ್ಗದಲ್ಲೇ ಮೆಜೆಸ್ಟಿಕ್‌ನಲ್ಲಿ ಇಳಿದರೆ ನಡೆದು ಹೋಗುವಷ್ಟು ದೂರ.


ಸಂಕದಾಚೆ (ತೀರ್ಥಹಳ್ಳಿ ತಾಲ್ಲೂಕು)

ತಂಗೀ, ನಾನು ಯಾವ ಶಿಬಿರಕ್ಕೂ ಹೋದವನಲ್ಲ. ಅಡಿಕೆ ತೋಟ ನಮ್ಮದು. ಮಳೆಗಾಲದಲ್ಲಿ ಮನೆಯಿಂದ ತೋಟಕ್ಕೆ ಹೋಗಲು ಹಳ್ಳದ ಮೇಲೆ ಒಂದು ಸಂಕ ದಾಟಬೇಕು. ಅಡಿಕೆ ಮರದ ದಬ್ಬೆ ಜೋಡಿಸಿ ಕಟ್ಟಿದ್ದು. ಆಷಾಢದಲ್ಲಿ ಪಾಚಿ ಹಿಡಿದಿರುತ್ತದೆ, ಕೆಳಗೆ ಕೆಂಪು ನೀರು. ಔಷಧಿ ಹೊಡೆಯುವ ಸಾಮಾನು ಹೆಗಲ ಮೇಲೆ ಹೊತ್ತು ಅದರ ಮೇಲೆ ಹೆಜ್ಜೆ ಇಡುವಾಗ ಸಾಲದ ಯೋಚನೆ ಬರುವುದಿಲ್ಲ, ಅಡಿಕೆಗೆ ಬರುವ ಕೊಳೆರೋಗದ್ದೂ ಬರುವುದಿಲ್ಲ. ಪಾದ, ದಬ್ಬೆ, ಕೈಹಿಡಿ. ಉಸಿರು ಎಲ್ಲಿದೆಯೋ ಗೊತ್ತಿರುವುದಿಲ್ಲ. ಆಚೆ ದಡ ಸೇರಿದ ಮೇಲೆ ಒಂದು ದೊಡ್ಡ ಉಸಿರು ತಾನಾಗಿ ಹೋಗುತ್ತದೆ.

ಮೇಲಿನವರು ಎತ್ತುವುದು, ಒಯ್ಯುವುದು, ಇಡುವುದು ಅಂದದ್ದು ನನಗೆ ಅಷ್ಟು ಒಪ್ಪಿಗೆಯಾಗಲಿಲ್ಲ. ತಲೆಯಲ್ಲಿ ಆಗಲೇ ಮಾತು ಜಾಸ್ತಿ ಇರುವವರಿಗೆ ಇನ್ನೂ ಮೂರು ಮಾತು ಯಾಕೆ? ನಾನಾದರೆ ಕಿವಿ ಕೊಡು ಅನ್ನುತ್ತೇನೆ. ತೋಟದಲ್ಲಿ ಸೋಗೆ ಬಿದ್ದ ಸದ್ದು, ಕಾಲ ಕೆಳಗೆ ಅಡಿಕೆ ಹಾಳೆ ಮುರಿದ ಸದ್ದು, ಮರದಿಂದ ಮರಕ್ಕೆ ಹನಿ ಇಳಿಯುವ ಸದ್ದು. ನಡೆಯುವಾಗ ಇವು ಕೇಳುತ್ತಿದ್ದರೆ ನಾನು ಅಲ್ಲೇ ಇದ್ದೇನೆ ಅಂತ ಲೆಕ್ಕ. ಕೇಳಿಸದಿದ್ದರೆ ಬೇರೆಲ್ಲೋ ಇದ್ದೇನೆ. ಇದಕ್ಕಿಂತ ಸುಲಭದ ಪರೀಕ್ಷೆ ನನಗೆ ಗೊತ್ತಿಲ್ಲ. ನಿಮ್ಮ ಪಾರ್ಕಿನಲ್ಲಿ ಬಿದಿರು ಮೆಳೆ ಇದೆ, ದೊಡ್ಡ ಮರಗಳಿವೆ, ಒಣಗಿದ ಎಲೆ ಬಿದ್ದಿರುತ್ತದೆ. ಇಯರ್‌ಫೋನ್ ಹಾಕಿಕೊಂಡು ಹೋಗುತ್ತಿದ್ದರೆ ಅದೊಂದನ್ನು ಬ್ಯಾಗಿಗೆ ಹಾಕು.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡ. ಸೆಪ್ಟೆಂಬರಿನಲ್ಲಿ ಮಲಗಿದರೂ ಲೆಕ್ಕ ಓಡುತ್ತದೆ ಅಂದೆಯಲ್ಲ, ಅದು ಉಸಿರಿನ ದೋಷ ಅಲ್ಲ. ಇಬ್ಬರು ಮಾಡುವ ಕೆಲಸ ಒಬ್ಬಳ ಮೇಲಿದ್ದರೆ ಎಷ್ಟು ನಡೆದರೂ ಹೊರೆ ಇಳಿಯುವುದಿಲ್ಲ. ಆಫೀಸಿನಲ್ಲಿ ಬಾಯಿಬಿಟ್ಟು ಕೇಳು. ನಡಿಗೆಯಿಂದ ಕೇಳುವ ಧೈರ್ಯ ಬಂದರೆ ಅದೂ ಅದರ ಫಲವೇ.


ನೇರಳೆ_ಮಾರ್ಗ

ಮೂವರಿಗೂ ತುಂಬಾ ಥ್ಯಾಂಕ್ಸ್. ಅಣ್ಣ, ಬೇಜಾರು ಏನೂ ಇಲ್ಲ, ಆ ಮಾತು ಯಾರಾದರೂ ಹೇಳಲಿ ಅಂತ ಕಾಯುತ್ತಿದ್ದೆನೇನೋ. ನಾಳೆ ನಮ್ಮ ಆಫೀಸಿನ ಪಾರ್ಟ್‌ನರ್ ಹತ್ತಿರ ಮಾತಾಡುತ್ತೇನೆ.

ಇವತ್ತು ಬೆಳಿಗ್ಗೆ ಬಿದಿರು ಮೆಳೆಯಿಂದ ಮುಂದಿನ ತಿರುವಿನವರೆಗೆ ಪಾದ ಮಾತ್ರ ಗಮನಿಸಿದೆ. ಎಡಗಾಲಿಗಿಂತ ಬಲಗಾಲಿಗೆ ಜಾಸ್ತಿ ಭಾರ ಹಾಕುತ್ತೇನೆ ಅಂತ ಮೊದಲ ಸಲ ಗೊತ್ತಾಯಿತು. ಬ್ಯಾಗ್ ಆ ಕಡೆ ಇರುತ್ತದೆ, ಅದಕ್ಕಿರಬೇಕು. ಎದೆ ಬಿಗಿಯಲಿಲ್ಲ. ಆದರೆ ನಡುವೆ ಮನಸ್ಸು ಆಫೀಸಿಗೆ ಓಡುತ್ತದೆ. ವಾಪಸ್ ತಂದರೆ ಮತ್ತೆ ಓಡುತ್ತದೆ. ಇದು ಕಡಿಮೆಯಾಗುವವರೆಗೆ ಕಾಯಬೇಕಾ? ಮತ್ತೆ, ಮೆಟ್ರೋದಲ್ಲಿ ನಿಂತೇ ಬರುತ್ತೇನೆ. ಆ ಹೊತ್ತಿಗೆ ಏನಾದರೂ ಇದೆಯಾ ಅಕ್ಕಾ?


ರಾತ್ರಿಪಾಳಿ

ಓಡಿದ್ದು ಗೊತ್ತಾಯಿತಲ್ಲ, ಅಷ್ಟೇ ಅಭ್ಯಾಸ. ಓಡದ ಮನಸ್ಸು ಇದ್ದರೆ ಈ ಅಭ್ಯಾಸವೇ ಬೇಕಾಗುತ್ತಿರಲಿಲ್ಲ. ಗೊತ್ತಾದಾಗ ಮುಂದಿನ ಹೆಜ್ಜೆಗೆ ಬನ್ನಿ. ಮೊದಲಿನಿಂದ ಶುರುಮಾಡಲು ಹಿಂದಕ್ಕೆ ಹೋಗಬೇಡಿ.

ಮೆಟ್ರೋ ನಿಲ್ಲುವ ಅಭ್ಯಾಸಕ್ಕೆ ಒಳ್ಳೆಯ ಜಾಗ. ಒಂದು ಕೈಯಲ್ಲಿ ಹಿಡಿ ಹಿಡಿದುಕೊಂಡಿರಿ, ಅದನ್ನು ಬಿಡಬೇಡಿ. ಮಂಡಿಯನ್ನು ಬಿಗಿ ಹಿಡಿಯದೆ ಸ್ವಲ್ಪ ಸಡಿಲ ಬಿಡಿ. ರೈಲು ಹೊರಟಾಗ ಭಾರ ಒಂದು ಕಡೆ ಹೋಗುತ್ತದೆ, ನಿಲ್ಲುವಾಗ ಇನ್ನೊಂದು ಕಡೆ ಬರುತ್ತದೆ. ಬೆರಳುಗಳು ಚಪ್ಪಲಿಯನ್ನು ಅವುಚಿಕೊಳ್ಳುವುದು ಗೊತ್ತಾಗುತ್ತದೆ. ಹೊಸಹಳ್ಳಿಯಿಂದ ಮಾಗಡಿ ರಸ್ತೆಯವರೆಗೆ ಒಂದು ಸ್ಟೇಷನ್ ದೂರ ಇದನ್ನು ನೋಡಿ. ಉಳಿದ ಹೊತ್ತು ಫೋನ್ ನೋಡಿದರೂ ಪರವಾಗಿಲ್ಲ. ಮೆಜೆಸ್ಟಿಕ್‌ನಲ್ಲಿ ಜನ ನುಗ್ಗುವಾಗ ಮಾತ್ರ ಈ ಪ್ರಯೋಗ ಬೇಡ, ಆಗ ಬ್ಯಾಗ್ ನೋಡಿಕೊಳ್ಳಿ.

ಬ್ಯಾಗನ್ನು ನಾಳೆ ಎಡಭುಜಕ್ಕೆ ಹಾಕಿ ನಡೆದು ನೋಡಿ, ಅಥವಾ ಎರಡೂ ಭುಜಕ್ಕೆ ಹಾಕುವಂಥದ್ದು ತಗೊಳ್ಳಿ. ಒಂದೇ ಕಡೆ ಭಾರ ಇದ್ದರೆ ಆ ಬದಿಯ ಕುತ್ತಿಗೆ, ಭುಜ ದಿನವಿಡೀ ಬಿಗಿದೇ ಇರುತ್ತವೆ. ಭುಜ ಬಿಗಿದಿದ್ದರೆ ಉಸಿರು ಎದೆಯ ಮೇಲ್ಭಾಗದಲ್ಲೇ ಆಡುತ್ತದೆ. ನಿಮ್ಮ ಬಿಗಿತದಲ್ಲಿ ಸ್ವಲ್ಪ ಪಾಲು ಅದರದ್ದೂ ಇರಬಹುದು.

ಮತ್ತೆ ಆ ರಕ್ತಪರೀಕ್ಷೆ ಮುಂದೂಡಬೇಡಿ. ಈ ವಾರವೇ ಮಾಡಿಸಿ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಬಂದರೆ ಡಾಕ್ಟರಿಗೆ ತೋರಿಸಿ, ಕಾರಣ ಏನು ಅಂತ ಕೇಳಿ ತಿಳಿದುಕೊಳ್ಳಿ. ರಿಪೋರ್ಟ್ ಏನು ಬಂತು ಅಂತ ಇಲ್ಲೇ ಬರೆಯಿರಿ, ನೋಡುತ್ತಿರುತ್ತೇನೆ.